ನರಹುಲಿಯ ಸೂಜಿಗೂ ತಕ್ಕಡಿ ಒಂದೇ ಇರಲಿ

ನರಹುಲಿ ಯಾರ ಜೀವವನ್ನೂ ತೆಗೆಯುವುದಿಲ್ಲ. ಅದಕ್ಕಾಗಿಯೇ ಇರಬೇಕು, ನಮ್ಮ ವೈದ್ಯಕೀಯ ವ್ಯವಸ್ಥೆ ಅದರ ಬಗ್ಗೆ ಗಂಭೀರವಾಗಿ ಯೋಚಿಸುವುದು ಕಡಿಮೆ. ಜ್ವರ, ಸಕ್ಕರೆ ಕಾಯಿಲೆ, ರಕ್ತದೊತ್ತಡದವರ ಹಿಂದೆ ಸರದಿಯಲ್ಲಿ ನಿಲ್ಲುವ ನರಹುಲಿಯ ರೋಗಿ ತನ್ನ ಕೈಯನ್ನು ಅರ್ಧ ಮುಚ್ಚಿಕೊಂಡೇ ತೋರಿಸುತ್ತಾನೆ. ಇಷ್ಟು ಸಣ್ಣ ತೊಂದರೆಗೆ ವೈದ್ಯರ ಸಮಯ ಹಾಳುಮಾಡುತ್ತಿದ್ದೇನೆಯೇ ಎಂಬ ಸಂಕೋಚ ಅವನದು. ಆದರೆ ಚಿಕಿತ್ಸೆ ಯಾವುದು, ಬರಿಯ ನಂಬಿಕೆ ಯಾವುದು ಎಂಬ ಗೆರೆ ಬಹುಬೇಗ ಅಳಿಸಿಹೋಗುವುದು ಇಂಥ ಸಣ್ಣ ಕಾಯಿಲೆಗಳ ವಿಷಯದಲ್ಲಿಯೇ. ಕೈಕಾಲುಗಳ ನರಹುಲಿಗೆ ಈಚಿನ ವರ್ಷಗಳಲ್ಲಿ ಕೊಡಲಾಗುತ್ತಿರುವ ವಿಟಮಿನ್ 'ಡಿ' ಚುಚ್ಚುಮದ್ದು ಇದಕ್ಕೊಂದು ತಕ್ಕ ಉದಾಹರಣೆ.

ಹುಬ್ಬಳ್ಳಿಯ ಕೇಶ್ವಾಪುರದಲ್ಲಿ ಕುಟುಂಬ ವೈದ್ಯನಾಗಿ ಕೆಲಸ ಮಾಡುವ ನನಗೆ ನರಹುಲಿ ಹೊಸದಲ್ಲ. ಒಂದು ಕಡೆ ರೈಲ್ವೆಯ ವಸತಿಗಳು, ಇನ್ನೊಂದು ಕಡೆ ಕುಸುಗಲ್ ರಸ್ತೆಯುದ್ದಕ್ಕೂ ಏಳುತ್ತಲೇ ಇರುವ ಕಟ್ಟಡಗಳು. ಕಬ್ಬಿಣ ಹಿಡಿಯುವ ಕೈಗಳು, ಸಿಮೆಂಟು ಕಲಸುವ ಕೈಗಳು, ಹೋಟೆಲಿನ ನೀರಿನಲ್ಲಿ ದಿನವಿಡೀ ನೆನೆಯುವ ಕೈಗಳು ಇಲ್ಲಿ ಬಹಳ. ಹಿಂದೆ ಇವರೆಲ್ಲ 'ಸುಡಿಸಬೇಕೇ, ಮುಲಾಮು ಸಾಕೇ' ಎಂದು ಕೇಳುತ್ತಿದ್ದರು. ಈಗ ಕೇಳುವ ಪ್ರಶ್ನೆಯೇ ಬೇರೆ: 'ಡಾಕ್ಟರ್ ಸಾಹೇಬ್ರ, ವಿಟಮಿನ್ ಸೂಜಿ ಮಾಡಿದ್ರ ನರೂಲಿ ತಾವ ಉದುರತಾವಂತಲ್ರೀ, ನನಗೂ ಮಾಡ್ರಿ.' ಕೇಳುವವರ ಮನಸ್ಸಿನಲ್ಲಿರುವುದು ಸುಸ್ತಿಗೆ, ಕೈಕಾಲು ಜೋಮಿಗೆ ಹಾಕಿಸಿಕೊಳ್ಳುವ ಶಕ್ತಿಯ ಸೂಜಿ. ದೇಹಕ್ಕೆ ಬಲ ಬಂದರೆ ನರಹುಲಿ ಸೋಲುತ್ತದೆ ಎಂಬುದು ಅವರ ಸರಳ ತರ್ಕ.

ಮೊದಲು ಈ ತಪ್ಪುಗ್ರಹಿಕೆಯನ್ನು ತಿಳಿಗೊಳಿಸಬೇಕು. ನರಹುಲಿ ಪೌಷ್ಟಿಕಾಂಶದ ಕೊರತೆಯಿಂದ ಬರುವುದಲ್ಲ. ಹ್ಯೂಮನ್ ಪ್ಯಾಪಿಲೋಮ ವೈರಸ್ ಎಂಬ ವೈರಾಣುವಿನ ಕೆಲವು ಪ್ರಭೇದಗಳು ಚರ್ಮದ ಸಣ್ಣ ಗಾಯ ಅಥವಾ ಬಿರುಕಿನ ಮೂಲಕ ಒಳಸೇರಿ, ಮೇಲ್ಪದರದ ಕೋಶಗಳನ್ನು ಅತಿಯಾಗಿ ಬೆಳೆಯುವಂತೆ ಮಾಡಿದಾಗ ಅದು ಹುಟ್ಟುತ್ತದೆ. ವೈರಾಣು ರಕ್ತಕ್ಕೆ ಇಳಿಯದೆ ಚರ್ಮದ ಮೇಲ್ಪದರದಲ್ಲೇ ಅಡಗಿರುವುದರಿಂದ ದೇಹದ ಕಾವಲು ಪಡೆಗೆ ಅದರ ಸುಳಿವು ತಿಂಗಳುಗಟ್ಟಲೆ ಸಿಗದೇ ಹೋಗಬಹುದು. ನರಹುಲಿ ಹಟಮಾರಿಯಾಗುವುದು ಈ ಕಾರಣಕ್ಕೆ.

ವಿಟಮಿನ್ ಸೂಜಿಯನ್ನು ತೋಳಿಗಾಗಲಿ ಸೊಂಟಕ್ಕಾಗಲಿ ಕೊಡುವುದಿಲ್ಲ. ಮೊದಲು ನೋವು ತಿಳಿಯದಂತೆ ಲಿಗ್ನೋಕೇನ್ ಕೊಟ್ಟು, ಬಳಿಕ ವಿಟಮಿನ್ ಡಿ3 ದ್ರಾವಣವನ್ನು ನೇರವಾಗಿ ನರಹುಲಿಯ ಬುಡಕ್ಕೆ ಚುಚ್ಚಲಾಗುತ್ತದೆ. ಉದ್ದೇಶ ಪೋಷಣೆಯಲ್ಲ, ಅಡಗಿರುವ ವೈರಾಣುವಿನ ಕಡೆಗೆ ರೋಗನಿರೋಧಕ ಕೋಶಗಳ ಗಮನ ಸೆಳೆಯುವುದು. ಚರ್ಮದ ಕೋಶಗಳಲ್ಲೂ ರೋಗನಿರೋಧಕ ಕೋಶಗಳಲ್ಲೂ ಈ ವಿಟಮಿನ್ನನ್ನು ಗುರುತಿಸುವ ಗ್ರಾಹಕಗಳಿವೆ. ರೋಗಾಣುಗಳನ್ನು ಕೊಲ್ಲುವ ಕ್ಯಾಥೆಲಿಸಿಡಿನ್ ಎಂಬ ವಸ್ತುವಿನ ತಯಾರಿಕೆಗೆ ವಿಟಮಿನ್ 'ಡಿ' ನೆರವಾಗುತ್ತದೆ ಎಂಬುದನ್ನು 2006ರಲ್ಲಿ 'ಸೈನ್ಸ್' ಪತ್ರಿಕೆಯಲ್ಲಿ ಪ್ರಕಟವಾದ ಸಂಶೋಧನೆ ತೋರಿಸಿತು. ಚರ್ಮಕೋಶಗಳ ಅತಿಯಾದ ಬೆಳವಣಿಗೆಯನ್ನು ತಡೆಯುವ ಗುಣವೂ ಅದಕ್ಕಿದೆ. ಆದ್ದರಿಂದ ಈ ಚಿಕಿತ್ಸೆಯ ಹಿಂದೆ ಒಂದು ಯುಕ್ತಿಯುಕ್ತವಾದ ವಿವರಣೆಯಿದೆ ಎಂಬುದನ್ನು ಒಪ್ಪಲೇಬೇಕು.

ಕನ್ನಡಿಗರು ಹೆಮ್ಮೆಪಡಬಹುದಾದ ಸಂಗತಿಯೂ ಇಲ್ಲಿದೆ. 2016ರಲ್ಲಿ ಟರ್ಕಿಯ ವೈದ್ಯರು 20 ರೋಗಿಗಳ ಮೇಲೆ ಈ ವಿಧಾನವನ್ನು ಪರೀಕ್ಷಿಸಿ ವರದಿ ಮಾಡಿದರು. ಅದರ ಮರುವರ್ಷವೇ, 2017ರಲ್ಲಿ, ನಮ್ಮ ರಾಜ್ಯದ ಎರಡು ಸರ್ಕಾರಿ ವೈದ್ಯಕೀಯ ಸಂಸ್ಥೆಗಳ ಅಧ್ಯಯನಗಳು ಪ್ರಕಟವಾದವು. ಹಾಸನ ವೈದ್ಯಕೀಯ ವಿಜ್ಞಾನಗಳ ಸಂಸ್ಥೆಯ ವೈದ್ಯರು ಬೇರೆ ಚಿಕಿತ್ಸೆಗಳಿಗೆ ಬಗ್ಗದ ನರಹುಲಿಯ ರೋಗಿಗಳನ್ನು ಆರಿಸಿಕೊಂಡು, ಒಂದು ಸಲಕ್ಕೆ ಹೆಚ್ಚೆಂದರೆ 5 ನರಹುಲಿಗಳಿಗೆ, ಮೂರು ವಾರಗಳ ಅಂತರದಲ್ಲಿ, ಗರಿಷ್ಠ 4 ಬಾರಿ ಸೂಜಿ ಕೊಟ್ಟರು. ಚಿಕಿತ್ಸೆ ಪೂರೈಸಿದ 60 ಮಂದಿಯಲ್ಲಿ 54 ಮಂದಿಗೆ, ಅಂದರೆ ಶೇ 90ರಷ್ಟು ಜನರಿಗೆ ಸಂಪೂರ್ಣ ಗುಣವಾಯಿತು. ಸೂಜಿ ತಾಗದ, ದೂರದಲ್ಲಿದ್ದ ನರಹುಲಿಗಳೂ ಮಾಯವಾದವು. ಮಂಡ್ಯ ವೈದ್ಯಕೀಯ ವಿಜ್ಞಾನಗಳ ಸಂಸ್ಥೆಯ ಅಧ್ಯಯನದಲ್ಲಿ 42 ಮಂದಿಯ ಪೈಕಿ 33 ಮಂದಿ ಪೂರ್ಣವಾಗಿ ಗುಣಮುಖರಾದರು. ದೊಡ್ಡ ಯಂತ್ರವಿಲ್ಲದೆ, ದೊಡ್ಡ ಖರ್ಚಿಲ್ಲದೆ ಜಿಲ್ಲಾ ಕೇಂದ್ರದ ಆಸ್ಪತ್ರೆಗಳಲ್ಲಿ ನಡೆದ ಕೆಲಸವಿದು. ಇಂಥ ಸಂಶೋಧನೆಯನ್ನು ಮೆಚ್ಚದೇ ಇರಲು ಸಾಧ್ಯವಿಲ್ಲ.

ಹಾಗಾದರೆ ತಕರಾರು ಎಲ್ಲಿ? ಈ ಎರಡೂ ಅಧ್ಯಯನಗಳಲ್ಲಿ ಹೋಲಿಕೆಯ ಗುಂಪು ಇರಲಿಲ್ಲ. ಸೂಜಿ ಪಡೆದವರಲ್ಲಿ ಎಷ್ಟು ಮಂದಿಗೆ ಗುಣವಾಯಿತು ಎಂಬುದು ಗೊತ್ತು. ಅದೇ ಅವಧಿಯಲ್ಲಿ ಸೂಜಿ ಪಡೆಯದೆ, ಅಥವಾ ಬೇರೆ ಚಿಕಿತ್ಸೆ ಪಡೆದು, ಎಷ್ಟು ಮಂದಿಗೆ ಗುಣವಾಗುತ್ತಿತ್ತು ಎಂಬುದಕ್ಕೆ ಅಲ್ಲಿ ಉತ್ತರವಿಲ್ಲ. ಅಧ್ಯಯನ ನಡೆಸಿದವರು ಇದನ್ನು ಮುಚ್ಚಿಟ್ಟಿಲ್ಲ; ಮಂಡ್ಯದ ವರದಿ ತನ್ನ ಶೀರ್ಷಿಕೆಯಲ್ಲೇ ಅದನ್ನು ಹೇಳಿಕೊಂಡಿದೆ. ಆದರೆ ಸಂಶೋಧನಾ ಪತ್ರಿಕೆಯಿಂದ ಹೊರಟ 'ಶೇ 90' ಎಂಬ ಅಂಕಿ ಊರೂರಿನ ಚಿಕಿತ್ಸಾಲಯ ತಲುಪುವ ಹೊತ್ತಿಗೆ ಅದರ ಜೊತೆಗಿದ್ದ ಎಚ್ಚರಿಕೆಯ ಮಾತು ದಾರಿಯಲ್ಲೇ ಉದುರಿಹೋಗಿರುತ್ತದೆ.

ಬೇರೆ ಕಾಯಿಲೆಗಳಲ್ಲಿ ಈ ಕೊರತೆಯನ್ನು ಅಷ್ಟಾಗಿ ಲೆಕ್ಕಿಸದಿದ್ದರೂ ನಡೆದೀತು. ನರಹುಲಿಯ ವಿಷಯದಲ್ಲಿ ಹಾಗಲ್ಲ. ಏಕೆಂದರೆ ನರಹುಲಿ ತಾನಾಗಿಯೇ ಹೋಗುವ ಕಾಯಿಲೆ. ಮಕ್ಕಳಲ್ಲಿ ಸುಮಾರು ಮೂರನೇ ಎರಡರಷ್ಟು ನರಹುಲಿಗಳು ಎರಡು ವರ್ಷಗಳೊಳಗೆ ಯಾವ ಚಿಕಿತ್ಸೆಯೂ ಇಲ್ಲದೆ ಮಾಯವಾಗುತ್ತವೆ ಎಂಬುದನ್ನು ಅಮೆರಿಕದಲ್ಲಿ 1963ರಲ್ಲಿ ಪ್ರಕಟವಾದ ಅಧ್ಯಯನ ದಾಖಲಿಸಿದೆ. ದೊಡ್ಡವರಲ್ಲಿ ಇದು ನಿಧಾನ, ಆದರೆ ಇಲ್ಲವೇ ಇಲ್ಲ ಎಂದಲ್ಲ. ದೇಹ ಒಮ್ಮೆ ವೈರಾಣುವನ್ನು ಗುರುತಿಸಿತೆಂದರೆ ವರ್ಷಗಟ್ಟಲೆ ಕಾಡಿದ ಗಂಟುಗಳು ಕೆಲವೇ ವಾರಗಳಲ್ಲಿ ಒಣಗಿ ಉದುರಬಹುದು.

ನಮ್ಮ ಭಾಗದ ಮನೆಮದ್ದುಗಳೆಲ್ಲ ಹೆಸರು ಮಾಡಿದ್ದು ಹೀಗೆಯೇ. ನರಹುಲಿಗೆ ಕುದುರೆಯ ಬಾಲದ ಕೂದಲನ್ನು ಬಿಗಿದು ಕಟ್ಟುವವರಿದ್ದಾರೆ. ಸುಣ್ಣಕ್ಕೆ ಸೋಡಾ ಬೆರೆಸಿ ಹಚ್ಚುವವರಿದ್ದಾರೆ. ಎಕ್ಕೆಯ ಹಾಲು ಸವರುವವರು, ದೇವರ ಹೊಂಡಕ್ಕೆ ಉಪ್ಪು, ಬೆಲ್ಲ ಹಾಕಿ ಹರಕೆ ತೀರಿಸುವವರೂ ಇದ್ದಾರೆ. ಇವರಲ್ಲಿ ಬಹಳಷ್ಟು ಮಂದಿಗೆ ನರಹುಲಿ ಹೋಗಿಯೂ ಇದೆ. ಅವರು ಸುಳ್ಳು ಹೇಳುತ್ತಿಲ್ಲ. ಆದರೆ ಹೋಗುವ ಕಾಯಿಲೆ ಹೋದಾಗ, ಅದಕ್ಕೆ ಮುಂಚೆ ಕೊನೆಯದಾಗಿ ಏನು ಮಾಡಲಾಗಿತ್ತೋ ಅದಕ್ಕೆ ಕೀರ್ತಿ ಸಲ್ಲುತ್ತದೆ. ಸೋತ ಮದ್ದುಗಳನ್ನು ಯಾರೂ ನೆನಪಿಡುವುದಿಲ್ಲ. ಕೊನೆಯ ಮದ್ದಿನ ಹೆಸರು ಮಾತ್ರ ಊರೆಲ್ಲ ಹರಡುತ್ತದೆ. ಕುದುರೆ ಕೂದಲಿನ ಬಗ್ಗೆ ಈ ಮಾತನ್ನು ಹೇಳಿ ನಗುವ ನಾವು ವೈದ್ಯರು, ಸೂಜಿಯ ಬಗ್ಗೆ ಇದೇ ಪ್ರಶ್ನೆ ಬಂದಾಗ ಮುಖ ಸಿಂಡರಿಸಬಾರದು. ಹಳ್ಳಿಯ ಮದ್ದಿಗೊಂದು ತಕ್ಕಡಿ, ಆಸ್ಪತ್ರೆಯ ಮದ್ದಿಗೊಂದು ತಕ್ಕಡಿ ಎಂದರೆ ಅದು ವಿಜ್ಞಾನವಾಗುವುದಿಲ್ಲ.

ಹೋಲಿಕೆಯ ಗುಂಪು ಇದ್ದಾಗ ಏನಾಗುತ್ತದೆ ಎಂಬುದಕ್ಕೆ ಬ್ರಿಟನ್ನಿನ ಉದಾಹರಣೆ ಕಣ್ಣು ತೆರೆಸುವಂಥದ್ದು. ದ್ರವ ಸಾರಜನಕದಿಂದ ನರಹುಲಿಯನ್ನು ಹೆಪ್ಪುಗಟ್ಟಿಸಿ ಕೊಲ್ಲುವ ವಿಧಾನ ಅಲ್ಲಿ ದಶಕಗಳಿಂದ ರೂಢಿಯಲ್ಲಿತ್ತು. ಅಂಗಾಲಿನ ನರಹುಲಿಯಿದ್ದ 240 ಮಂದಿಯನ್ನು ಎರಡು ಗುಂಪು ಮಾಡಿ, ಒಂದು ಗುಂಪಿಗೆ ಈ ಚಿಕಿತ್ಸೆಯನ್ನೂ, ಇನ್ನೊಂದು ಗುಂಪಿಗೆ ಮನೆಯಲ್ಲೇ ಹಚ್ಚಿಕೊಳ್ಳುವ ಸ್ಯಾಲಿಸಿಲಿಕ್ ಆಮ್ಲವನ್ನೂ ಕೊಡಲಾಯಿತು. 2011ರಲ್ಲಿ 'ಬ್ರಿಟಿಷ್ ಮೆಡಿಕಲ್ ಜರ್ನಲ್' ಪ್ರಕಟಿಸಿದ ಫಲಿತಾಂಶ ಇಷ್ಟೇ: 12 ವಾರಗಳ ಕೊನೆಗೆ ಎರಡೂ ಗುಂಪುಗಳಲ್ಲಿ ಪೂರ್ಣ ಗುಣವಾದವರು ತಲಾ ಶೇ 14 ಮಾತ್ರ. ದುಬಾರಿ ಚಿಕಿತ್ಸೆಯೂ ಅಗ್ಗದ ಮದ್ದೂ ಸಮ ಸಮ. ಒಂದೊಂದನ್ನೇ ಬಿಡಿಯಾಗಿ ನೋಡಿದ್ದರೆ ಈ ಸತ್ಯ ಹೊರಬೀಳುತ್ತಲೇ ಇರಲಿಲ್ಲ.

ಇಷ್ಟು ಹೇಳಿದ ಮಾತ್ರಕ್ಕೆ ವಿಟಮಿನ್ ಸೂಜಿಯನ್ನು ತಳ್ಳಿಹಾಕಿದಂತಾಗಲಿಲ್ಲ. ವರ್ಷಗಟ್ಟಲೆ ಬೇರೆ ಚಿಕಿತ್ಸೆಗೆ ಬಗ್ಗದ ನರಹುಲಿಗಳು ಕೆಲವೇ ವಾರಗಳಲ್ಲಿ ಇಷ್ಟು ದೊಡ್ಡ ಪ್ರಮಾಣದಲ್ಲಿ ಹೋಗಿವೆ ಎಂದರೆ ಅದೆಲ್ಲವೂ ಕಾಕತಾಳೀಯ ಎನ್ನುವುದು ಕಷ್ಟ. ಆನಂತರದ ವರ್ಷಗಳಲ್ಲಿ ಈಜಿಪ್ಟಿನಲ್ಲೂ ಭಾರತದ ಇತರ ಕಾಲೇಜುಗಳಲ್ಲೂ ಎಂಎಂಆರ್ ಲಸಿಕೆಯಂಥ ಬೇರೆ ಚುಚ್ಚುಮದ್ದುಗಳ ಜೊತೆ ಇದನ್ನು ಹೋಲಿಸಿದ ಅಧ್ಯಯನಗಳು ಬಂದಿವೆ. ಅವು ಭರವಸೆಯನ್ನು ಉಳಿಸಿಕೊಂಡಿವೆ; ಆದರೆ ಗುಣವಾದವರ ಪ್ರಮಾಣ ಒಂದು ಅಧ್ಯಯನದಿಂದ ಇನ್ನೊಂದಕ್ಕೆ ಬಹಳ ಬದಲಾಗುತ್ತದೆ. ಒಟ್ಟಿನಲ್ಲಿ ಇದು ಭರವಸೆಯ ಚಿಕಿತ್ಸೆ, ಸಾಬೀತಾದ ಚಿಕಿತ್ಸೆಯಲ್ಲ. ಈ ಎರಡು ಪದಗಳ ನಡುವಿನ ಅಂತರವನ್ನು ರೋಗಿಗೆ ತಿಳಿಸಬೇಕೇ ಬೇಡವೇ ಎಂಬುದೇ ನನ್ನ ಪ್ರಶ್ನೆ.

'ಒಂದು ನರಹುಲಿಗೆ ಇಷ್ಟೆಲ್ಲ ಚರ್ಚೆ ಏಕೆ?' ಎಂದು ಕೇಳುವವರಿದ್ದಾರೆ. ಅಂಗಾಲಿನ ನರಹುಲಿಯ ಮೇಲೆ ದೇಹದ ಇಡೀ ಭಾರ ಬೀಳುತ್ತದೆ. ಚಪ್ಪಲಿಯೊಳಗೆ ಸದಾ ಒಂದು ಹರಳು ಸಿಕ್ಕಿಕೊಂಡಂತೆ ನಡೆಯುವವನಿಗೆ, ಸಿಮೆಂಟಿನ ಬುಟ್ಟಿ ಹೊತ್ತು ಏಣಿ ಹತ್ತುವುದೆಂದರೆ ಏನೆಂದು ಊಹಿಸಿಕೊಳ್ಳಿ. ಅದನ್ನು ವಿದ್ಯುತ್ತಿನಿಂದ ಸುಟ್ಟರೆ ಗಾಯ ಮಾಯುವವರೆಗೆ ಕೂಲಿ ಇಲ್ಲ. ಮಾಯ್ದ ಮೇಲೆ ಉಳಿಯುವ ಕಲೆಯೂ ಕೆಲವೊಮ್ಮೆ ನೋಯುತ್ತದೆ. ಕೈಯಲ್ಲಿ ನರಹುಲಿಯಿರುವ ಹೋಟೆಲಿನ ಹುಡುಗನನ್ನು ಮಾಲೀಕ ಬಡಿಸುವ ಕೆಲಸದಿಂದ ತೆಗೆದು ಪಾತ್ರೆ ತೊಳೆಯಲು ಹಾಕುತ್ತಾನೆ. ಮದುವೆಯ ಮಾತುಕತೆಯ ಹೊತ್ತಿಗೆ ಹೆಣ್ಣುಮಕ್ಕಳು ಸೆರಗಿನಲ್ಲಿ ಕೈ ಮುಚ್ಚಿಕೊಳ್ಳುತ್ತಾರೆ. ಕೂಲಿ ತಪ್ಪಿಸದೆ, ಗಾಯ ಮಾಡದೆ ಗುಣಪಡಿಸುವ ಚಿಕಿತ್ಸೆಯೊಂದು ನಿಜಕ್ಕೂ ಇದ್ದರೆ ಅದರ ಮೊದಲ ಹಕ್ಕುದಾರರು ಇವರು. ನಿಜಕ್ಕೂ ಇಲ್ಲದಿದ್ದರೆ, ನಾಲ್ಕು ಬಾರಿ ದುಡ್ಡು ಕೊಟ್ಟು ನೋವು ತಿನ್ನುವವರೂ ಇವರೇ. ಅಂಗಾಲಿಗೆ ಸೂಜಿ ಚುಚ್ಚಿಸಿಕೊಳ್ಳುವುದು ಸಣ್ಣ ನೋವಲ್ಲ ಎಂಬುದನ್ನು ಚುಚ್ಚಿಸಿಕೊಂಡವರೇ ಹೇಳಬೇಕು.

ಇನ್ನು 'ವಿಟಮಿನ್ ತಾನೇ, ಏನಾಗುತ್ತದೆ' ಎಂಬ ಉಡಾಫೆಯ ಮಾತು. ಈ ಚಿಕಿತ್ಸೆಗೆ ಬಳಸುವ ಒಂದು ಮಿಲಿಲೀಟರಿನ ಆಂಪೂಲಿನಲ್ಲಿ 15 ಮಿಲಿಗ್ರಾಂ, ಎಂದರೆ 6 ಲಕ್ಷ ಯೂನಿಟ್ ವಿಟಮಿನ್ 'ಡಿ' ಇರುತ್ತದೆ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ 2020ರಲ್ಲಿ ಸೂಚಿಸಿದಂತೆ ವಯಸ್ಕರೊಬ್ಬರಿಗೆ ದಿನಕ್ಕೆ ಬೇಕಾದದ್ದು 600 ಯೂನಿಟ್. ಎಂದರೆ ಆ ಪುಟ್ಟ ಆಂಪೂಲು ಸಾವಿರ ದಿನಗಳ ಪಾಲು. ತೀವ್ರ ಕೊರತೆಯಿದ್ದವರಿಗೆ ಸ್ನಾಯುವಿಗೆ ಕೊಡಲೆಂದು ತಯಾರಾದ ಔಷಧ ಅದು. ನರಹುಲಿಗೆ ಬಳಸುವುದು ವೈದ್ಯರ ವಿವೇಚನೆಗೆ ಬಿಟ್ಟ ಹೊಸ ಬಳಕೆ. ಒಂದು ನರಹುಲಿಗೆ 0.2 ಮಿಲಿಲೀಟರಿನಂತೆ ಐದಕ್ಕೆ ಕೊಟ್ಟರೆ ಒಂದು ಆಂಪೂಲು ಮುಗಿಯುತ್ತದೆ. ನಾಲ್ಕು ಸಲಕ್ಕೆ 24 ಲಕ್ಷ ಯೂನಿಟ್, ಅದೂ ಒಂಬತ್ತು ವಾರಗಳಲ್ಲಿ.

ಅಧ್ಯಯನಗಳಲ್ಲಿ ಪಾಲ್ಗೊಂಡವರ ಮೇಲೆ ವೈದ್ಯರ ನಿಗಾ ಇರುತ್ತದೆ. ಹೊರಗಿನ ಜಗತ್ತಿನಲ್ಲಿ ಹಾಗಿರುವುದಿಲ್ಲ. ಮೊಣಕಾಲು ನೋವಿಗೆ, ಬೆನ್ನು ನೋವಿಗೆ ವಾರಕ್ಕೊಂದರಂತೆ 60 ಸಾವಿರ ಯೂನಿಟ್ಟಿನ ಗುಳಿಗೆ ನುಂಗುವವರು ಈಗ ಮನೆಮನೆಯಲ್ಲಿದ್ದಾರೆ. ಒಬ್ಬ ವೈದ್ಯರು ಕೊಟ್ಟ ಗುಳಿಗೆಯ ಸುದ್ದಿ ಸೂಜಿ ಕೊಡುವ ಇನ್ನೊಬ್ಬ ವೈದ್ಯರಿಗೆ ತಿಳಿಯದಿದ್ದರೆ ಎರಡೂ ಕೂಡಿಕೊಳ್ಳುತ್ತವೆ. ಈ ವಿಟಮಿನ್ ದೇಹದ ಕೊಬ್ಬಿನಲ್ಲಿ ಸಂಗ್ರಹವಾಗುವಂಥದ್ದು. ಅತಿಯಾದರೆ ರಕ್ತದಲ್ಲಿ ಕ್ಯಾಲ್ಸಿಯಂ ಏರಿ ವಾಂತಿ, ಅತಿ ಬಾಯಾರಿಕೆ, ಮಲಬದ್ಧತೆ ಉಂಟಾಗಬಹುದು, ಮೂತ್ರಪಿಂಡಕ್ಕೂ ಪೆಟ್ಟು ಬೀಳಬಹುದು. ಮೂತ್ರಕೋಶದ ಹರಳಿನ ತೊಂದರೆ ಇದೆಯೇ, ಬೇರೆ ವಿಟಮಿನ್ ತೆಗೆದುಕೊಳ್ಳುತ್ತಿದ್ದೀರಾ ಎಂಬ ಎರಡು ಪ್ರಶ್ನೆಗಳನ್ನು ಕೇಳಲು ಅರ್ಧ ನಿಮಿಷ ಸಾಕು. ಆ ಅರ್ಧ ನಿಮಿಷ ಉಳಿಸುವ ಆತುರ ಏಕೆ?

ಇನ್ನೊಂದು ಅಪಾಯ ಮಿತವ್ಯಯದ ವೇಷದಲ್ಲಿ ಬರುತ್ತದೆ. ಒಂದೆರಡು ನರಹುಲಿಗೆ ಆಂಪೂಲಿನ ಅರ್ಧವೂ ಖರ್ಚಾಗುವುದಿಲ್ಲ. ಉಳಿದದ್ದನ್ನು ಚೆಲ್ಲುವ ಬದಲು ಮುಂದಿನ ರೋಗಿಗೆ ಬಳಸಿದರೇನು ಎಂಬ ಯೋಚನೆ ಸುಳಿಯುವುದು ಸಹಜ. ಆದರೆ ಒಮ್ಮೆ ಒಡೆದ ಆಂಪೂಲು ಒಬ್ಬರಿಗಷ್ಟೇ ಮೀಸಲು. ಗುಜರಾತಿನ ಮೋಡಾಸಾದಲ್ಲಿ 2009ರಲ್ಲಿ ಹೆಪಟೈಟಿಸ್ 'ಬಿ' ಹರಡಿ ಹಲವರು ಪ್ರಾಣ ಕಳೆದುಕೊಂಡದ್ದು ಬಳಸಿದ ಸಿರಿಂಜುಗಳನ್ನೇ ಮತ್ತೆ ಬಳಸಿದ್ದರಿಂದ. ಕಾಯಿಲೆ ಸಣ್ಣದಾದರೂ ಸೂಜಿ ಸಣ್ಣದಲ್ಲ. ಒಂದು ನರಹುಲಿಯನ್ನು ಕಳೆಯಲು ಹೋಗಿ ಯಕೃತ್ತಿನ ರೋಗವನ್ನು ತರುವಂತಾಗಬಾರದು.

ಮೂರನೆಯದು, ಚುಚ್ಚುವ ಗಂಟು ನರಹುಲಿಯೇ ಎಂಬ ಖಾತ್ರಿ. ಕಾಲಿನ ಆಣಿಯೂ ನರಹುಲಿಯಂತೆಯೇ ಕಾಣುತ್ತದೆ. ಮೇಲಿನ ಗಟ್ಟಿ ಚರ್ಮವನ್ನು ವೈದ್ಯರು ಹದವಾಗಿ ಹೆರೆದು ನೋಡಿದರೆ ನರಹುಲಿಯಲ್ಲಿ ಕಪ್ಪು ಚುಕ್ಕೆಗಳು ಕಾಣುತ್ತವೆ, ಚರ್ಮದ ಗೆರೆಗಳು ಅಲ್ಲಿ ತುಂಡಾಗಿರುತ್ತವೆ, ಆಣಿಯಲ್ಲಿ ಹೀಗಿರುವುದಿಲ್ಲ. ನಮ್ಮ ರಾಜ್ಯದ್ದೇ ಒಂದು ಕಹಿ ಪಾಠವೂ ಇದೆ. ಯಾದಗಿರಿ ಜಿಲ್ಲೆಯ ಸುರಪುರ ಭಾಗದ ಕಿರದಳ್ಳಿ ತಾಂಡಾದ ಜನರ ಅಂಗೈ, ಅಂಗಾಲುಗಳ ಚರ್ಮ ಗಂಟುಗಂಟಾಗಿ ದಪ್ಪವಾದದ್ದು ವೈರಾಣುವಿನಿಂದಲ್ಲ, ಕುಡಿಯುವ ನೀರಿನಲ್ಲಿದ್ದ ಆರ್ಸೆನಿಕ್ ವಿಷದಿಂದ. ಅಂಥವರಿಗೆ ಬೇಕಾದದ್ದು ಶುದ್ಧ ನೀರು, ಸೂಜಿಯಲ್ಲ. ವಯಸ್ಸಾದವರಲ್ಲಿ ಬೇಗ ಬೆಳೆಯುವ, ರಕ್ತ ಒಸರುವ ಗಂಟನ್ನು ನರಹುಲಿ ಎಂದುಕೊಂಡು ಕಾಲ ಕಳೆಯುವಂತಿಲ್ಲ. ಅದು ಚರ್ಮದ ಕ್ಯಾನ್ಸರ್ ಆಗಿರಬಹುದು. ಸಕ್ಕರೆ ಕಾಯಿಲೆಯವರಂತೂ ಮನೆಯಲ್ಲಿ ಬ್ಲೇಡು ಹಿಡಿದು ಕಾಲಿನ ಗಂಟನ್ನು ಕತ್ತರಿಸುವ ಸಾಹಸಕ್ಕೆ ಇಳಿಯಲೇಬಾರದು.

ಹಾಗಾದರೆ ದಾರಿ ಏನು? ಮೊದಲನೆಯದು ನಮ್ಮ ವೃತ್ತಿಬಾಂಧವರಿಗೆ ಸಂಬಂಧಿಸಿದ್ದು. ಸೂಜಿ ಎತ್ತಿಕೊಳ್ಳುವ ಮುನ್ನ ರೋಗಿಗೆ ಅವನದೇ ಮಾತಿನಲ್ಲಿ ಮೂರು ಸಂಗತಿ ಹೇಳಬೇಕು. ಇದು ತಾನಾಗಿ ಹೋಗಲೂಬಹುದು; ಸ್ಯಾಲಿಸಿಲಿಕ್ ಆಮ್ಲದಂಥ ಅಗ್ಗದ ಮದ್ದೂ ಇದೆ, ಅದಕ್ಕೆ ತಾಳ್ಮೆ ಬೇಕು; ಈ ಸೂಜಿ ಹೊಸದು, ಭರವಸೆಯದು, ಆದರೆ ಪೂರ್ತಿ ಸಾಬೀತಾಗಿಲ್ಲ. ಇಷ್ಟನ್ನು ಕೇಳಿಯೂ ರೋಗಿ 'ಮಾಡ್ರಿ' ಎಂದರೆ ಧಾರಾಳವಾಗಿ ಮಾಡಬಹುದು. ಒಪ್ಪಿಗೆ ಎಂದರೆ ಅದೇ. ಗೋಡೆಯ ಮೇಲಿನ 'ಶೇ 90 ಗ್ಯಾರಂಟಿ' ಎಂಬ ಫಲಕ ನೋಡಿ ತೋಳು ಚಾಚುವುದು ಒಪ್ಪಿಗೆಯಲ್ಲ.

ಎರಡನೆಯದು ಸಂಸ್ಥೆಗಳಿಗೆ ಸಂಬಂಧಿಸಿದ್ದು. ಹಾಸನ ಮತ್ತು ಮಂಡ್ಯ ಆರಂಭಿಸಿದ ಕೆಲಸವನ್ನು ಮುಗಿಸುವ ಶಕ್ತಿ ಈ ರಾಜ್ಯಕ್ಕಿದೆ. ನಮ್ಮ ಹುಬ್ಬಳ್ಳಿಯ ವಿದ್ಯಾನಗರದಲ್ಲಿ 1957ರಲ್ಲಿ ಆರಂಭವಾಗಿ, ಬಹುಕಾಲ ಕಿಮ್ಸ್ ಎಂದು ಹೆಸರಾಗಿದ್ದ ವೈದ್ಯಕೀಯ ಸಂಸ್ಥೆಗೆ ಉತ್ತರ ಕರ್ನಾಟಕದ ಹಲವು ಜಿಲ್ಲೆಗಳ ರೋಗಿಗಳು ಬರುತ್ತಾರೆ. ಸ್ನಾತಕೋತ್ತರ ವಿದ್ಯಾರ್ಥಿಗಳು ಪ್ರತಿ ವರ್ಷ ಪ್ರಬಂಧ ಬರೆಯಲೇಬೇಕು. ಒಬ್ಬೊಬ್ಬರೂ ನಲವತ್ತು, ಐವತ್ತು ರೋಗಿಗಳ ಬಿಡಿ ಅಧ್ಯಯನ ಮಾಡಿ ಕಪಾಟಿನಲ್ಲಿಡುವ ಬದಲು, ರಾಜೀವ್ ಗಾಂಧಿ ಆರೋಗ್ಯ ವಿಜ್ಞಾನಗಳ ವಿಶ್ವವಿದ್ಯಾಲಯದ ಆಶ್ರಯದಲ್ಲಿ ಮೂರು ಊರುಗಳ ಕಾಲೇಜುಗಳು ಒಂದೇ ನಿಯಮದಡಿ ನೂರಾರು ರೋಗಿಗಳನ್ನು ಸೇರಿಸಿಕೊಂಡರೆ ಒಂದೆರಡು ವರ್ಷಗಳಲ್ಲಿ ಉತ್ತರ ದೊರೆತೀತು. ರೋಗಿಗಳಿಗೆ ಬರಿಯ ನೀರು ಚುಚ್ಚಿ ಮೋಸ ಮಾಡುವುದೇ ಎಂಬ ಆಕ್ಷೇಪಕ್ಕೂ ಇಲ್ಲಿ ಎಡೆಯಿಲ್ಲ. ಒಂದು ಗುಂಪಿಗೆ ಸೂಜಿ, ಇನ್ನೊಂದು ಗುಂಪಿಗೆ ರೂಢಿಯ ಆಮ್ಲದ ಮದ್ದು. ಫಲಿತಾಂಶ ನೋಡುವ ವೈದ್ಯರಿಗೆ ಯಾರು ಯಾವ ಗುಂಪಿನವರೆಂದು ತಿಳಿಯದಿದ್ದರೆ ಸಾಕು. ಇದಕ್ಕೆ ಕೋಟಿಗಟ್ಟಲೆ ಹಣ ಬೇಡ. ದ್ರವ ಸಾರಜನಕದ ವ್ಯವಸ್ಥೆಯ, ಲೇಸರ್ ಯಂತ್ರದ ಬೆಲೆಯ ಮುಂದೆ ಈ ಆಂಪೂಲಿನ ಬೆಲೆ ಏನೇನೂ ಅಲ್ಲ.

ಬಹುಶಃ ಅಗ್ಗವಾಗಿರುವುದೇ ಈ ಸೂಜಿಯ ದುರದೃಷ್ಟ. ಹಕ್ಕುಸ್ವಾಮ್ಯವಿಲ್ಲದ ಹಳೆಯ ವಿಟಮಿನ್ನೊಂದು ನರಹುಲಿಯನ್ನು ಗುಣಪಡಿಸುತ್ತದೆ ಎಂದು ಸಾಬೀತು ಮಾಡುವುದರಿಂದ ಯಾವ ದೊಡ್ಡ ಕಂಪನಿಗೂ ಲಾಭವಿಲ್ಲ. ಲಾಭವಿರುವುದು ಅಂಗಾಲಿನ ಮೇಲೆ ಬದುಕುವ ಜನರಿಗೆ. ಕಂಪನಿಗಳಿಗೆ ಆಸಕ್ತಿಯಿಲ್ಲದ ಇಂಥ ಪ್ರಶ್ನೆಗಳನ್ನು ಎತ್ತಿಕೊಳ್ಳುವುದಕ್ಕೆಂದೇ ಅಲ್ಲವೇ, ಸಾರ್ವಜನಿಕರ ಹಣದಲ್ಲಿ ಸರ್ಕಾರಿ ವೈದ್ಯಕೀಯ ಕಾಲೇಜುಗಳನ್ನು ಕಟ್ಟಿರುವುದು? ಪರೀಕ್ಷೆಯಲ್ಲಿ ಸೂಜಿ ಗೆದ್ದರೆ ಅದು ಪ್ರತಿ ತಾಲ್ಲೂಕು ಆಸ್ಪತ್ರೆಯನ್ನೂ ತಲುಪಲಿ. ಸೋತರೆ, ಕಾಯುವ ತಾಳ್ಮೆಯೇ ಮದ್ದು ಎಂದು ಜನರಿಗೆ ನೇರವಾಗಿ ಹೇಳುವ ಧೈರ್ಯವಾದರೂ ನಮಗೆ ಬಂದೀತು.